ಸಹಾಯ ಬೇಕು: ಇನ್ವರ್ಟರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗುತ್ತಿಲ್ಲ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ತೀರಾ ಹಳೆಯದೇನಲ್ಲ. ಇನ್ವರ್ಟರ್‌ನಲ್ಲಿ ಫುಲ್ ಅಂತ ಹಸಿರು ದೀಪ ಬರುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೇ ಕೀಂ ಅನ್ನಲು ಶುರು.

ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದೆ. ನಾಲ್ಕು ಸೆಲ್ 1.220ರ ಆಸುಪಾಸು, ಪ್ಲಸ್ ಕಡೆಯ ಎರಡು 1.180 ದಾಟುತ್ತಿಲ್ಲ. ನೀರಿನ ಮಟ್ಟ ಸರಿಯಿದೆ. ಚಾರ್ಜ್ ಆಗುವಾಗ ಮಲ್ಟಿಮೀಟರ್ 13.6 ವೋಲ್ಟ್‌ಗಿಂತ ಮೇಲೆ ಹೋಗುವುದೇ ಇಲ್ಲ. ಅದು ಫ್ಲೋಟ್ ವೋಲ್ಟೇಜ್, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸಿಕೊಳ್ಳುವ ವೋಲ್ಟೇಜ್ ಅಲ್ವಾ? ಪೂರ್ತಿ ತುಂಬಬೇಕಾದರೆ 14.4ರ ಹತ್ತಿರ ಒಂದಷ್ಟು ಹೊತ್ತು ನಿಲ್ಲಬೇಕು. ಅರೆಬರೆ ಚಾರ್ಜ್‌ನಲ್ಲೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ರಿಪೇರಿಯವರು ಹೊಸ ಆಸಿಡ್ ಹಾಕೋಣ ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಆಸಿಡ್ ಚೆಲ್ಲಿ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕೂತಿದೆ. ಸುಮ್ನೆ ಆಸಿಡ್ ಸುರಿದರೆ ರೀಡಿಂಗ್ ಏರುತ್ತದೆ, ಬ್ಯಾಟರಿ ಏರುವುದಿಲ್ಲ.

ಹೊರಗಿನ ಚಾರ್ಜರ್‌ನಲ್ಲಿ 7-8 ಆಂಪಿಯರ್ ಇಟ್ಟು ನಿಧಾನಕ್ಕೆ ಚಾರ್ಜ್ ಮಾಡಿದರೆ ಆ ಎರಡು ಸೆಲ್ ಮೇಲೆ ಬರುತ್ತವಾ? ನಮ್ಮೂರ ಬಿಸಿಲಿಗೆ ವೋಲ್ಟೇಜ್ ಎಷ್ಟು ಇಳಿಸಿ ಇಡುತ್ತೀರಿ? ಪಿ.ಬಿ. ರಸ್ತೆ ಕಡೆ ಹಾಗೆ ಚಾರ್ಜ್ ಮಾಡಿಕೊಡುವವರಿದ್ದರೆ ತಿಳಿಸಿ. ಹೊಸದು ತಗೊಳ್ಳಿ ಅನ್ನುವ ಸಲಹೆ ಸದ್ಯಕ್ಕೆ ಬೇಡ!