ಕೀಲಿಯಿಲ್ಲದೆಯೇ ರೇಡಿಯೊ ಸಂದೇಶವನ್ನು ಗುಟ್ಟಾಗಿಡಬಹುದೇ?

ಪ್ರಶ್ನೆ — ಕಾರಟಗಿ, ಕೊಪ್ಪಳ ಜಿಲ್ಲೆ
ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ನಮ್ಮ ಭತ್ತದ ಗದ್ದೆಯಿದೆ. ತೂಬಿನ ಬಳಿಯ ನೀರಿನ ಮಟ್ಟವನ್ನು ಮನೆಯಲ್ಲಿ ತಿಳಿದುಕೊಳ್ಳಲು ಹಾಗೂ ಅಲ್ಲಿಂದಲೇ ಪಂಪು ಚಾಲೂ ಮಾಡಲು, ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಎರಡು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳುಹಿಸುವ) ರೇಡಿಯೊಗಳನ್ನು ಹಾಕಿದ್ದೇನೆ. ಭೌತಿಕ ಸ್ತರದ ಭದ್ರತೆಯಲ್ಲಿ, ಅಂದರೆ ರೇಡಿಯೊ ಅಲೆಯ ಗುಣಗಳನ್ನೇ ಬಳಸಿ ಗುಟ್ಟು ಕಾಯುವ ವಿಧಾನದಲ್ಲಿ, ಗೂಢಲಿಪಿಯ ಕೀಲಿಯೇ ಬೇಕಾಗುವುದಿಲ್ಲವೆಂದು ಓದಿದೆ. ಅಕ್ಕಪಕ್ಕದವರು ಇಂಥದೇ ರೇಡಿಯೊ ತಂದಿಟ್ಟುಕೊಂಡರೂ ಕೇಳಿಸದಂತೆ ಮಾಡಲು ಇದರಿಂದ ಸಾಧ್ಯವೇ?

ಉತ್ತರ — ರಾಯಚೂರು
ಸಿದ್ಧಾಂತದಲ್ಲಿ ಸಾಧ್ಯವಿದೆ, ಆದರೆ ಅದರ ಷರತ್ತು ಕಠಿಣವಾದದ್ದು. 1975ರಲ್ಲಿ ಮಾಹಿತಿ ಸಿದ್ಧಾಂತದ ತಜ್ಞ ಆರನ್ ವೈನರ್ ತೋರಿಸಿದ್ದೇನೆಂದರೆ, ಕದ್ದು ಕೇಳುವವನ ಕಿವಿಗೆ ಬೀಳುವ ಸಂಕೇತದಲ್ಲಿ ನಿಮ್ಮವರಿಗೆ ಸಿಗುವುದಕ್ಕಿಂತ ಹೆಚ್ಚು ಗದ್ದಲವಿದ್ದರೆ, ಮೊದಲೇ ಹಂಚಿಕೊಂಡ ಕೀಲಿಯಿಲ್ಲದೆ ಗುಟ್ಟನ್ನು ಕಳುಹಿಸಬಹುದು. ಒಂದೊಂದು ಸಂದೇಶಕ್ಕೂ ಹಲವು ಸಂಕೇತಪದಗಳನ್ನು (ಕಳುಹಿಸುವ ಬಿಟ್ ಸಾಲುಗಳನ್ನು) ಮೀಸಲಿಟ್ಟು, ಅವುಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಕಳುಹಿಸಬೇಕು. ಕಳ್ಳಕಿವಿಯ ಸಾಮರ್ಥ್ಯವೆಲ್ಲ ಆ ಯಾದೃಚ್ಛಿಕತೆಯನ್ನು ಬಿಡಿಸುವುದರಲ್ಲೇ ಮುಗಿದುಹೋಗುತ್ತದೆ. ಸಾಮಾನ್ಯ ಗದ್ದಲದ ಮಾದರಿಯಲ್ಲಿ ಎರಡು ಚಾನೆಲ್‌ಗಳ (ನಿಮ್ಮವರಿಗೂ ಕಳ್ಳಕಿವಿಗೂ ತಲುಪುವ ರೇಡಿಯೊ ಹಾದಿಗಳ) ಸಾಮರ್ಥ್ಯದ ವ್ಯತ್ಯಾಸವೇ, ಎಷ್ಟು ಮಾಹಿತಿಯನ್ನು ಗುಟ್ಟಾಗಿ ಕಳುಹಿಸಬಹುದೆಂಬ ಮಿತಿಯಾಗುತ್ತದೆ. ನಿಮ್ಮ ಮನೆಗಿಂತ ತೂಬಿಗೆ ಹತ್ತಿರದಲ್ಲೇ ಯಾರಾದರೂ ಆಂಟೆನಾ ನೆಟ್ಟರೆ ಆ ವ್ಯತ್ಯಾಸ ಸೊನ್ನೆಗಿಳಿಯುತ್ತದೆ, ನೆಟ್ಟದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಉತ್ತರ — ಬಳ್ಳಾರಿ
ನಿಮ್ಮ ಮನೆಯ ಕಡೆ ಬಿಟ್ಟು ಉಳಿದೆಡೆ ಮಾತ್ರ ಕೇಳುವಂತೆ ಕೃತಕ ಗದ್ದಲವನ್ನು ಬೆರೆಸುವ ಉಪಾಯವೂ ಒಂದಿದೆ, ಆದರೆ ಒಂದೇ ಆಂಟೆನಾದ ರೇಡಿಯೊಗೆ ಅದು ಒಗ್ಗುವುದಿಲ್ಲ. ಉಳಿದದ್ದು ಚಾನೆಲ್ಲಿನ ಏರಿಳಿತದಿಂದಲೇ ಕೀಲಿಯನ್ನು ಹುಟ್ಟಿಸುವ ದಾರಿ: ಒಂದೇ ತರಂಗಾಂತರದಲ್ಲಿ ಆ ಕಡೆಗೂ ಈ ಕಡೆಗೂ ಹಾದಿ ಒಂದೇ ಆಗಿರುವುದರಿಂದ ಇಬ್ಬರೂ ಒಂದೇ ಬಗೆಯ ಏರಿಳಿತವನ್ನು ಅಳೆಯುತ್ತಾರೆ, ಸುತ್ತಲಿನಿಂದ ಅಲೆಗಳು ಚೆದುರಿ ಬರುವ ಜಾಗದಲ್ಲಾದರೆ, ಅರ್ಧ ಅಲೆಯುದ್ದ, ಅಂದರೆ ನಿಮ್ಮ ಪಟ್ಟಿಯಲ್ಲಿ ಸುಮಾರು 17 ಸೆಂಟಿಮೀಟರ್ ಆಚೆ ನಿಂತವನಿಗೆ ಬೇರೆಯದೇ ಏರಿಳಿತ ಸಿಗುತ್ತದೆ. ನಮ್ಮಲ್ಲಿ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಾದರೆ ಪ್ರಯತ್ನಿಸಬಹುದಿತ್ತು. ಬಯಲು ಗದ್ದೆಯಲ್ಲಿ ಅಲುಗಾಡದೆ ನಿಂತ ಎರಡು ಕಂಬಗಳ ನಡುವೆ ಸಂಕೇತ ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಅದರಿಂದ ಕೀಲಿಗೆ ಬೇಕಾದಷ್ಟು ಬಿಟ್‌ಗಳು ಹೊರಡುವುದು ಕಷ್ಟ. ಅಲ್ಲದೆ ಲೋರಾದ ಅತಿ ನಿಧಾನದ ವೇಗದಲ್ಲಿ ಒಂದು ಸಣ್ಣ ಪ್ಯಾಕೆಟ್ಟಿಗೇ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಗಾಳಿಗೆ ಪೈರು ತೂಗಿ ಏನಾದರೂ ಏರಿಳಿತ ಹುಟ್ಟಿದರೂ, ಎರಡೂ ಕಡೆಯ ಅಳತೆ ಮುಗಿಯುವಷ್ಟರಲ್ಲಿ ಅದು ಬದಲಾಗಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ನಿಜವಾದ ಅಪಾಯವೇ ಬೇರೆ. ತೂಬಿನಲ್ಲಿ ನೀರೆಷ್ಟಿದೆಯೆಂದು ತಿಳಿಯಲು ಯಾರಿಗೂ ರೇಡಿಯೊ ಬೇಡ, ದಂಡೆಯ ಮೇಲೆ ನಡೆದುಹೋದರೆ ಸಾಕು. ಪಂಪಿನ ಆದೇಶವನ್ನು ಧ್ವನಿಮುದ್ರಣದಂತೆ ಹಿಡಿದಿಟ್ಟು ನಡುರಾತ್ರಿ ಮರಳಿ ಬಿತ್ತರಿಸಿದರೆ ಏನು ಮಾಡುವಿರಿ? ಇದಕ್ಕೆ ಎಇಎಸ್-128 ಎಂಬ ಗೂಢಲಿಪಿ ವಿಧಾನದ ಕೀಲಿಯಿಂದ ಲೆಕ್ಕ ಹಾಕಿದ, ಆದೇಶ ನಿಮ್ಮದೇ ಎಂದು ತೋರಿಸುವ ದೃಢೀಕರಣ ಮುದ್ರೆಯೂ, ಪ್ರತಿ ಆದೇಶಕ್ಕೂ ಏರುತ್ತ ಹೋಗುವ ಕ್ರಮಸಂಖ್ಯೆಯೂ ಬೇಕು; ಹಳೆಯ ಸಂಖ್ಯೆ ಬಂದರೆ ಪಂಪಿನ ಪೆಟ್ಟಿಗೆ ಅದನ್ನು ತಿರಸ್ಕರಿಸಬೇಕು.

ಪ್ರಶ್ನಿಸಿದವರು
ಮರಳಿ ಬಿತ್ತರಿಸುವ ಮಾತು ನನಗೆ ಹೊಳೆದೇ ಇರಲಿಲ್ಲ. ಕೀಲಿಯನ್ನು ಎರಡೂ ಪೆಟ್ಟಿಗೆಗಳಿಗೆ ಮನೆಯಲ್ಲೇ ತಂತಿಯ ಮೂಲಕ ತುಂಬುತ್ತೇನೆ. ಆದರೆ ಕರೆಂಟು ಹೋಗಿ ಬಂದಾಗ ಪಂಪಿನ ಪೆಟ್ಟಿಗೆ ಕ್ರಮಸಂಖ್ಯೆಯನ್ನು ಮರೆತು ಸೊನ್ನೆಯಿಂದ ಶುರು ಮಾಡುವುದಿಲ್ಲವೇ?

ಉತ್ತರ — ಬಳ್ಳಾರಿ
ಮಾಡುತ್ತದೆ, ಆಗ ಹಳೆಯ ಆದೇಶಗಳೆಲ್ಲ ಮತ್ತೆ ನಡೆಯುತ್ತವೆ. ಪಂಪಿನ ಪೆಟ್ಟಿಗೆ ಒಪ್ಪಿಕೊಂಡ ಪ್ರತಿ ಸಂಖ್ಯೆಯನ್ನೂ, ಕರೆಂಟು ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡಿ. ಮನೆಯ ಪೆಟ್ಟಿಗೆಯಲ್ಲಾದರೆ, ಮೆಮೊರಿ ಬೇಗ ಸವೆಯದಿರಲು ನೂರರ ಗುಂಪಿನಲ್ಲಿ ಮುಂಗಡವಾಗಿ ಬರೆದು, ಕರೆಂಟು ಬಂದ ಮೇಲೆ ಬರೆದಿಟ್ಟ ಸಂಖ್ಯೆಯಿಂದಲೇ ಮುಂದುವರಿಸಿ. ನಡುವೆ ಸಂಖ್ಯೆಗಳು ಬಿಟ್ಟುಹೋದರೆ ತೊಂದರೆಯಿಲ್ಲ.