ಪುದೀನ ನಾಟಿಯ ಕಾಲ ಮತ್ತು ಸಾವಯವ ಗೊಬ್ಬರ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: 200 ಚದರ ಮೀಟರ್ ಜಾಗದಲ್ಲಿ ಎಲೆಗಾಗಿ ಪುದೀನ ಬೆಳೆಯಬೇಕೆಂದಿದ್ದೇನೆ. ಬೇಸಿಗೆಯ ಆರಂಭದಲ್ಲಿ ನಾಟಿ ಮಾಡಿದರೆ ತಡವಾಗುವುದೇ? ಕೊಟ್ಟಿಗೆ ಗೊಬ್ಬರವೊಂದೇ ಸಾಕೇ?

ಉತ್ತರ 1: ನಾನು ಎಣ್ಣೆಗಾಗಿ 1000 ಚದರ ಮೀಟರ್‌ನಲ್ಲಿ ಬೆಳೆದವನು. ಚಳಿಗಾಲ ಮುಗಿಯುವ ಹೊತ್ತಿಗೆ ಊರಬೇಕಾಗಿದ್ದ 40 ಕಿಲೋ ಬೇರುಕಾಂಡವನ್ನು, ಭೂಮಿ ಸಿದ್ಧವಾಗಲಿಲ್ಲವೆಂದು ಐದು ವಾರ ತಡವಾಗಿ ಊರಿದೆ. ಬಿಸಿಲಿಗೆ ಅರ್ಧದಷ್ಟು ಚಿಗುರುವ ಮೊದಲೇ ಒಣಗಿದವು. ಉಳಿದವನ್ನು ಕಾಪಾಡಲು ದಿನಕ್ಕೆರಡು ಬಾರಿ ನೀರು ಕೊಟ್ಟೆ, ಖಾಲಿ ಬಿದ್ದ ಸಾಲುಗಳನ್ನು ತುಂಬಲು ಮತ್ತೆ 18 ಕಿಲೋ ತಂದೆ. ದಿನಗಳು ಉದ್ದವಾಗುತ್ತಿದ್ದಂತೆ ಗಿಡ ಮೈತುಂಬಿಕೊಳ್ಳದೆಯೇ ಹೂವಿಗೆ ತಿರುಗಿತು. ಎರಡನೆಯ ಕಟಾವು ಸಿಗಲೇ ಇಲ್ಲ. ಕಾಲ ತಪ್ಪಿದ ಮೇಲೆ ಯಾವ ಗೊಬ್ಬರವೂ ಅದನ್ನು ಸರಿಪಡಿಸದು.

ಉತ್ತರ 2: ಕಾಲವನ್ನು ನಾನು ತಪ್ಪಿಸಲಿಲ್ಲ, ನನ್ನನ್ನು ಕೆಡಿಸಿದ್ದು ಗೊಬ್ಬರ. 500 ಚದರ ಮೀಟರ್‌ಗೆ 1250 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿದೆ, ಅಂದರೆ ಹೆಕ್ಟೇರಿಗೆ 25 ಟನ್ ಲೆಕ್ಕ. ಪ್ರಮಾಣ ಸರಿಯಾಗಿತ್ತು, ಆದರೆ ಗೊಬ್ಬರ ಪೂರ್ತಿ ಕಳಿತಿರಲಿಲ್ಲ. ಅದರೊಡನೆ ಬಂದ ಬೀಜಗಳೆಲ್ಲ ಪುದೀನಕ್ಕಿಂತ ಮೊದಲೇ ಮೊಳೆತವು. ಇಬ್ಬರು ಕೂತು ಕಳೆ ತೆಗೆಯಲು ಪ್ರತಿ ಸಲವೂ ನಾಲ್ಕು ದಿನ. ಹೀಗೆ ಮೂರು ಸಲ, ಒಟ್ಟು 24 ಆಳು. ಸಾಲದ್ದಕ್ಕೆ ಗೊಣ್ಣೆಹುಳುಗಳು ಬೇರು ಕತ್ತರಿಸಿ, ಮೂರು ಮಡಿಗಳನ್ನು ಬರಿದು ಮಾಡಿದವು.

ಉತ್ತರ 3: ಅದಕ್ಕಾಗಿಯೇ ನಾನು ಕೊಟ್ಟಿಗೆ ಗೊಬ್ಬರವನ್ನು ಕೈಬಿಟ್ಟೆ. ಒಂದು ಟನ್‌ನಿಂದ ದೊರೆಯುವ 5 ಕಿಲೋ ಸಾರಜನಕವನ್ನು 100 ಕಿಲೋ ಬೇವಿನ ಹಿಂಡಿಯೇ ಕೊಡುತ್ತದೆ. ಹಿಂಡಿ, ಎರೆಗೊಬ್ಬರ ಎರಡನ್ನೂ ಬಳಸಿ ಬೇಸಿಗೆಯಲ್ಲಿಯೇ ನೆಟ್ಟು ನಾಲ್ಕು ಬಾರಿ ಸೊಪ್ಪು ಕೊಯ್ದಿದ್ದೇನೆ. ನೀರು ಕೊಡಲಾಗದವರು ಕಾಲವನ್ನು ದೂರುತ್ತಾರೆ.

ಉತ್ತರ 1: ದಿನಕ್ಕೆರಡು ಬಾರಿ ನೀರು ಕೊಟ್ಟೆನೆಂದು ಬರೆದಿದ್ದೇನೆ, ದಯವಿಟ್ಟು ಓದಿ ಉತ್ತರಿಸಿ. ನೀವು ಕೊಯ್ದದ್ದು ಎಳೆ ಸೊಪ್ಪು. ಎಣ್ಣೆಗೆ ಮೊದಲ ಕಟಾವು 100ರಿಂದ 120 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಬರಬೇಕು. ನಿಮ್ಮ ಲೆಕ್ಕವನ್ನು ನನ್ನ ಹೊಲಕ್ಕೆ ಹೇರಬೇಡಿ.

ಉತ್ತರ 2: ಹಿಂಡಿಯ ಲೆಕ್ಕವೂ ಅರ್ಧಸತ್ಯವೇ. ಕೊಟ್ಟಿಗೆ ಗೊಬ್ಬರ ಮಣ್ಣನ್ನು ಸಡಿಲಗೊಳಿಸಿ ತೇವವನ್ನು ಹಿಡಿದಿಡುವಂತೆ 100 ಕಿಲೋ ಹಿಂಡಿ ಮಾಡೀತೇ? ನನ್ನ ತಪ್ಪು ಅದನ್ನು ಪೂರ್ತಿ ಕಳಿಯಲು ಬಿಡದೆ ಹಾಕಿದ್ದು. ಗೊಬ್ಬರವನ್ನೇ ಹಳಿಯುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ 4: ಕಾಲ ಮತ್ತು ಗೊಬ್ಬರವನ್ನು ನೀವೆಲ್ಲರೂ ಬೇರೆ ಬೇರೆಯಾಗಿ ನೋಡುತ್ತಿದ್ದೀರಿ. ಸಾವಯವ ಗೊಬ್ಬರದ ಸಾರಜನಕವನ್ನು ಬಿಡಿಸಿಕೊಡುವ ಸೂಕ್ಷ್ಮಜೀವಿಗಳು ತಣ್ಣನೆಯ ಮಣ್ಣಿನಲ್ಲಿ ನಿಧಾನವಾಗುತ್ತವೆ. ಚಳಿಯಲ್ಲಿಯೇ ನೆಟ್ಟ ನಾನು, ಎಲೆ ಹಳದಿಯಾಯಿತೆಂದು ಹೆದರಿ ಹಿಂಡಿಯನ್ನು ಎರಡು ಬಾರಿ ಸುರಿದೆ. ಮಣ್ಣು ಬಿಸಿಯಾದೊಡನೆ ಹಾಕಿದ್ದೆಲ್ಲ ಒಮ್ಮೆಲೇ ಗಿಡಕ್ಕೆ ಸಿಕ್ಕಿ, ಕಾಂಡ ಸೊಕ್ಕಿ ನೆಲಕ್ಕೆ ಬಾಗಿತು. ದಟ್ಟವಾದ ಎಲೆಗಳ ಅಡಿಯಲ್ಲಿ ತುಕ್ಕು ರೋಗ ಹಬ್ಬಿ, ಇಡೀ ಮಡಿಯನ್ನು ನೆಲಮಟ್ಟಕ್ಕೆ ಕೊಯ್ದು ಸುಡಬೇಕಾಯಿತು.

ಉತ್ತರ 3: ಎರಡು ಬಾರಿ ಸುರಿದದ್ದು ನೀವು, ಹಿಂಡಿಯ ದೋಷವಲ್ಲ. ನಾನು ನಾಟಿಗೆ ಮೊದಲು ಅರ್ಧ, ಪ್ರತಿ ಕಟಾವಿನ ನಂತರ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇನೆ.

ಉತ್ತರ 4: ಆ ಮಾತನ್ನು ಮೊದಲೇ ಬರೆದಿದ್ದರೆ ಇಷ್ಟು ವಾದವೇ ಇರುತ್ತಿರಲಿಲ್ಲ.