ಬಿಪಿಯ ಎರಡು ಅಂಕಿಗೆ ಕನ್ನಡ ಪದ ಬೇಕು (ತುರ್ತು)

ನಮ್ಮೂರಲ್ಲಿ ಬಿಪಿ ತಪಾಸಣೆ ಶಿಬಿರ ಇದೆ. ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಸಿಸ್ಟೊಲಿಕ್, ಡಯಾಸ್ಟೊಲಿಕ್‌ಗೆ ಏನು ಬರೆಯಲಿ? ಕೈಗೆ ಬಂದ ಕರಡಿನಲ್ಲಿ ‘ಸಂಕೋಚನ ರಕ್ತಚಾಪ’, ‘ವ್ಯಾಕೋಚನ ರಕ್ತಚಾಪ’ ಅಂತ ಇದೆ. ಕೆಳಗೆ ‘140/90 ಮೀರಿದರೆ ವೈದ್ಯರನ್ನು ಕಾಣಿ’.

*

ರಕ್ತಚಾಪ ಹಿಂದಿ. ಕನ್ನಡದಲ್ಲಿ ಚಾಪ ಅಂದ್ರೆ ಬಿಲ್ಲು. ಕಿತ್ತುಹಾಕಿ, ರಕ್ತದೊತ್ತಡ ಅನ್ನಿ. ಸಂಕೋಚನ, ವ್ಯಾಕೋಚನ ಪಾಠದ ಪುಸ್ತಕದಲ್ಲಿ ಇರುವವೇ, ಇರಲಿ.

*

ಯಾಕೆ ಇರಬೇಕು? ರಕ್ತದೊತ್ತಡವೂ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ನೆತ್ತರು ಅನ್ನೋ ನಮ್ಮ ಪದ ಸತ್ತಿದೆಯಾ? ನೆತ್ತರೊತ್ತಡ. ಹೃದಯ ಕುಗ್ಗಿದಾಗಿನದು ಕುಗ್ಗೊತ್ತಡ, ಹಿಗ್ಗಿದಾಗಿನದು ಹಿಗ್ಗೊತ್ತಡ. ಮುಗಿಯಿತು.

*

ಮುಗಿದಿಲ್ಲ. ‘ರಕ್ತದ’ ಅನ್ನೋದರಲ್ಲಿ ಷಷ್ಠಿ ಪ್ರತ್ಯಯ ಎದುರಿಗೇ ಕೂತಿದೆ, ಅಲ್ಲಿರೋದು ಬರೀ ಲೋಪಸಂಧಿ. ಸಮಾಸವೇ ಇಲ್ಲದ ಕಡೆ ಅರಿಸಮಾಸ ಎಲ್ಲಿಂದ ಬಂತು?

ಇನ್ನು ನಿಮ್ಮ ಕುಗ್ಗೊತ್ತಡ. ಹೃದಯ ಕುಗ್ಗಿ ರಕ್ತ ತಳ್ಳುವಾಗಲೇ ಒತ್ತಡ ಏರುವುದು, ಅಂದ್ರೆ 120/80ರಲ್ಲಿ 120 ಅದು, ಹೃದಯ ಸಡಿಲಾಗಿ ಮತ್ತೆ ತುಂಬಿಕೊಳ್ಳುವಾಗ ಇಳಿದು ನಿಲ್ಲುವುದು 80. ‘ಕುಗ್ಗೊತ್ತಡ 160’ ಅಂತ ಓದಿದವರು ಒತ್ತಡ ಕುಗ್ಗಿದೆ ಅಂದುಕೊಂಡು ಮನೆಗೆ ಹೋಗಿ ಉಪ್ಪಿನಕಾಯಿ ತಿನ್ನುತ್ತಾರೆ. ಜನ ಈಗಾಗಲೇ ‘ಮೇಲಿನ ಬಿಪಿ, ಕೆಳಗಿನ ಬಿಪಿ’ ಅನ್ನುತ್ತಾರೆ. ಅದನ್ನೇ ಬರೆಯಿರಿ.

ನಿಜವಾದ ತಪ್ಪು ಕರಡಿನ ಕೆಳಗಿನ ಸಾಲಿನ ಆ ಗೆರೆಯಲ್ಲಿದೆ, ಅದನ್ನು ಯಾರೂ ನೋಡಲಿಲ್ಲ. 140/90 ಅಂದ್ರೆ ಎರಡೂ ಮೀರಬೇಕು ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಯಾವುದೋ ಒಂದು ಆ ಮಟ್ಟ ಮುಟ್ಟಿದರೂ ಲೆಕ್ಕಕ್ಕೆ ಬರುತ್ತದೆ. 150/80 ಕೂಡ ಜಾಸ್ತಿಯೇ, ವಯಸ್ಸಾದವರಲ್ಲಿ ಮೇಲಿನದು ಮಾತ್ರ ಏರುವುದು ಮಾಮೂಲು. ‘ಮೇಲಿನದು 140 ಅಥವಾ ಕೆಳಗಿನದು 90, ಅಥವಾ ಅದಕ್ಕಿಂತ ಜಾಸ್ತಿ’ ಅಂತ ಬಿಡಿಸಿ ಬರೆಯಿರಿ. ಒಂದೇ ಸಲ ನೋಡಿ ‘ನಿಮಗೆ ಬಿಪಿ ಇದೆ’ ಅನ್ನಬೇಡಿ. ಬಿಪಿ ಎಲ್ಲರಿಗೂ ಇದೆ! ಐದು ನಿಮಿಷ ಸುಮ್ನೆ ಕೂರಿಸಿ ನೋಡಿ, ಬೇರೆ ದಿನ ಮತ್ತೆ ನೋಡಿ. ಆದರೆ ಮೇಲಿನದು 180 ಅಥವಾ ಕೆಳಗಿನದು 120 ಮುಟ್ಟಿ, ಜೊತೆಗೆ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು ಇದ್ದರೆ ಕಾಯಬಾರದು, ನೇರ ಆಸ್ಪತ್ರೆಗೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

*

140 ಹಳೇ ಲೆಕ್ಕ ಅಲ್ವಾ? 130 ಅಂತ ಕೇಳಿದ್ದೆ.

*

ಅದು ಅಮೆರಿಕದವರು 2017ರಲ್ಲಿ ಮಾಡಿಕೊಂಡಿದ್ದು, 130/80. ವಿಶ್ವ ಆರೋಗ್ಯ ಸಂಸ್ಥೆ ಈಗಲೂ 140/90 ಅನ್ನುತ್ತದೆ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಅದೇ.

*

ಎಲ್ಲ ಸರಿ, ಬೋರ್ಡಿಗೆ ‘ಬಿಪಿ’ ಅಂತಲೇ ಹಾಕುತ್ತೀರಾ? ಎರಡು ಇಂಗ್ಲಿಷ್ ಅಕ್ಷರ ಕನ್ನಡವಾಯಿತಾ? ತೆಲುಗಿನವರು ರಕ್ತಪೋಟು ಅಂತ ಗಟ್ಟಿಯಾಗಿ ಬರೆಯುತ್ತಾರೆ.

*

ಬರೆಯಲಿ. ಬಾಯಲ್ಲಿ ಅವರೂ ಬಿಪಿ ಅನ್ನುತ್ತಾರೆ. ‘ಅವನಿಗೆ ಬಿಪಿ ಏರಿತು’ ಅಂತ ಸಿಟ್ಟಿಗೂ ಬಳಸುವಷ್ಟು ಒಗ್ಗಿದ ಪದ ಅದು.

*

‘ನೆತ್ತರು ಕುದಿಯಿತು’ ಅನ್ನೋದೂ ಸಿಟ್ಟಿಗೇ ಇದೆ ಸ್ವಾಮಿ, ನೀವು ಹುಟ್ಟುವ ಮೊದಲಿಂದ.